ಘಟ್ಟ ಇಳಿದು ತಿಂದ ಗಡ್‌ಬಡ್

ಉಡುಪಿಗೆ ಹೋಗುವುದೆಂದರೆ ನಮ್ಮ ಮನೆಯ ಹಿರಿಯರಿಗೆ ಕೃಷ್ಣಮಠ, ಮಕ್ಕಳಿಗೆ ಡಯಾನಾ ಹೋಟೆಲು. ಎರಡೂ ಒಂದೇ ದಿನದಲ್ಲಿ ಮುಗಿಯುತ್ತಿದ್ದುದರಿಂದ ಜಗಳಕ್ಕೆ ಕಾರಣವಿರಲಿಲ್ಲ. 1980ರ ದಶಕದ ಬೇಸಿಗೆ ರಜೆಗಳವು. ಅತ್ತೆ, ಚಿಕ್ಕಪ್ಪ, ಅವರವರ ಮಕ್ಕಳು, ಅಕ್ಕ, ನಾನು, ಇಷ್ಟೂ ಜನ ತೀರ್ಥಹಳ್ಳಿಯಲ್ಲಿ ಮಿನಿಬಸ್ಸು ಹತ್ತುತ್ತಿದ್ದೆವು. ಆಗುಂಬೆ ಘಾಟಿಯಲ್ಲಿ ದೊಡ್ಡ ಬಸ್ಸು ತಿರುಗುವುದಿಲ್ಲ. ಅಲ್ಲಿನ 14 ತಿರುವುಗಳನ್ನು ಅತ್ತೆ ಬೆರಳು ಮಡಚಿ ಎಣಿಸುವರು. ಏಳೋ ಎಂಟೋ ಆಗುವಷ್ಟರಲ್ಲಿ ಯಾರಾದರೊಬ್ಬರು ಕಿಟಕಿಯಾಚೆ ತಲೆ ಹಾಕಿರುತ್ತಿದ್ದರು, ನಿಂಬೆಹಣ್ಣು ಕೈಯಿಂದ ಕೈಗೆ ದಾಟುತ್ತಿತ್ತು. ಸೋಮೇಶ್ವರಕ್ಕೆ ಇಳಿದ ಮೇಲೆ ಗಾಳಿಯೇ ಬೇರೆ. ಅಂಗಿ ಬೆನ್ನಿಗೆ ಅಂಟಿಕೊಳ್ಳುತ್ತಿತ್ತು. ಹೆಬ್ರಿ ದಾಟುವ ಹೊತ್ತಿಗೆ ನಮ್ಮ ಬಾಯಲ್ಲಿ ಐಸ್‌ಕ್ರೀಮಿನದೇ ಮಾತು.

ಅಲ್ಲಿಯವರೆಗೆ ನಮಗೆ ಗೊತ್ತಿದ್ದುದು ಎರಡೇ ಬಗೆ. ಒಂದು, ಶಾಲೆಯ ಗೇಟಿನ ಹತ್ತಿರ ಸೈಕಲ್ ಪೆಟ್ಟಿಗೆಯಲ್ಲಿ ಬರುತ್ತಿದ್ದ ಐಸ್‌ಕ್ಯಾಂಡಿ. ನಾಲ್ಕು ಸಲ ಚೀಪಿದರೆ ಬಣ್ಣವೆಲ್ಲ ನಾಲಿಗೆಗೆ ಬಂದು ಕಡ್ಡಿಯಲ್ಲಿ ಬರೀ ಮಂಜುಗಡ್ಡೆ ಉಳಿಯುವುದು. ಇನ್ನೊಂದು, ಪೇಟೆ ಕಡೆಯ ಮದುವೆಗಳಲ್ಲಿ ಕೊಡುತ್ತಿದ್ದ ಕಪ್ ಐಸ್‌ಕ್ರೀಮು, ಅದರ ಜೊತೆಗೆ ಚಪ್ಪಟೆ ಮರದ ಚಮಚ. ಎರಡನ್ನೂ ನಿಂತೇ ತಿಂದು ಮುಗಿಸಬೇಕು. ಜೋಡುಕಟ್ಟೆಯ ಡಯಾನಾದಲ್ಲಿ ನಮ್ಮನ್ನು ಕುರ್ಚಿಯಲ್ಲಿ ಕೂರಿಸಿ, ನೀರಿಟ್ಟು, "ಎಂಥ ಕೊಡ್ಬೇಕು?" ಎಂದು ಕೇಳಿದರು. ದೋಸೆ ಕೇಳಿದ ಹಾಗೆ ಐಸ್‌ಕ್ರೀಮು ಕೇಳಬಹುದು ಎಂಬುದೇ ನಮಗೆ ಹೊಸದು.

ಬಂದದ್ದು ಉದ್ದ ಗಾಜಿನ ಗ್ಲಾಸು, ಅದರ ತಳ ಮುಟ್ಟುವಷ್ಟು ಉದ್ದದ ಚಮಚ. ಕೆಳಗೆ ಕೆಂಪು ಜೆಲ್ಲಿ, ಮೇಲೆ ಹೆಚ್ಚಿದ ಹಣ್ಣು, ಅದರ ಮೇಲೆ ವೆನಿಲಾ, ನಡುವೆ ಗೋಡಂಬಿ, ದ್ರಾಕ್ಷಿ, ಮತ್ತೆ ಸ್ಟ್ರಾಬೆರಿ ಐಸ್‌ಕ್ರೀಮು, ತುದಿಗೊಂದು ಚೆರ್ರಿ. ಇದನ್ನು ತಿನ್ನುವ ಬಗೆಯಲ್ಲೇ ಮನುಷ್ಯರ ಸ್ವಭಾವ ಗೊತ್ತಾಗುತ್ತಿತ್ತು. ಅಕ್ಕ ಮೇಲಿನಿಂದ ಒಂದೊಂದೇ ಪದರ ಕೆರೆಯುತ್ತ ಇಳಿಯುವಳು, ಕೆಳಗಿನದು ಅಷ್ಟರಲ್ಲಿ ಹಾಲಾಗಿದ್ದರೂ ಕ್ರಮ ತಪ್ಪುವುದಿಲ್ಲ. ಚಿಕ್ಕಪ್ಪನ ಮಗ ಮೊದಲ ನಿಮಿಷದಲ್ಲೇ ಎಲ್ಲವನ್ನೂ ಕಲಸಿ ಗುಲಾಬಿ ಬಣ್ಣದ ಗಂಜಿ ಮಾಡಿಕೊಳ್ಳುವನು. ಚಿಕ್ಕಪ್ಪ ಮಾತ್ರ ಕಾಫಿ ಹೇಳಿ, ಆಮೇಲೆ ಎಲ್ಲರ ಗ್ಲಾಸಿನಿಂದಲೂ ಒಂದೊಂದು ಚಮಚ "ರುಚಿ ನೋಡ್ತೀನಿ" ಎಂದು ತೆಗೆಯುವರು. ಲೆಕ್ಕ ಹಾಕಿದರೆ ಅವರದೇ ಹೆಚ್ಚು.

ಅತ್ತೆಯದು ಬೇರೆಯೇ ಕತೆ. ಏಕಾದಶಿ ಬಂದರೂ ಉಡುಪಿ ಪ್ರವಾಸ ನಿಲ್ಲುತ್ತಿರಲಿಲ್ಲ, ಉಪವಾಸವೂ ಬಿಡುವಂತಿರಲಿಲ್ಲ. "ಇದರಲ್ಲಿ ಎಂತ ಇದೆ ಹೇಳು? ಹಾಲು ಇದೆ, ಹಣ್ಣು ಇದೆ, ದ್ರಾಕ್ಷಿ ಗೋಡಂಬಿ ಇದೆ. ಫಲಾಹಾರ ಅಲ್ದೆ ಮತ್ತೇನು ಮಾರಾಯಾ?" ಎಂದು ಕೇಳಿದಾಗ ಎದುರು ಹೇಳುವ ಪಂಡಿತರು ಯಾರೂ ಆ ಮೇಜಿನಲ್ಲಿ ಇರಲಿಲ್ಲ. ಜೆಲ್ಲಿಯ ಬಗ್ಗೆ ಮಾತ್ರ ಅವರಿಗೆ ಅನುಮಾನ. ಅಲುಗಾಡುವ ಪದಾರ್ಥವನ್ನು ನಂಬಬಾರದೆಂದು ಅದನ್ನು ಬಗೆದು ತೆಗೆದು ನನ್ನ ಗ್ಲಾಸಿಗೆ ಹಾಕುವರು. ಹಾಗಾಗಿ ನನಗೆ ಏಕಾದಶಿಯೆಂದರೆ ಎರಡು ಪಾಲು ಜೆಲ್ಲಿ.

ಗಡ್‌ಬಡ್ ಹುಟ್ಟಿದ್ದು ಡಯಾನಾದಲ್ಲಿ ಎಂದು ಉಡುಪಿಯವರು ಹೇಳುತ್ತಾರೆ. ಗಿರಾಕಿಗಳು ಒಮ್ಮೆಲೇ ಬಂದಾಗ ಇದ್ದಬದ್ದದ್ದನ್ನೆಲ್ಲ ಗಡಿಬಿಡಿಯಲ್ಲಿ ಒಂದೇ ಗ್ಲಾಸಿಗೆ ತುಂಬಿ ಕೊಟ್ಟರಂತೆ. ಮಂಗಳೂರಿನವರ ಮುಂದೆ ಇದನ್ನು ಹೇಳಿ ನೋಡಿ, ಅವರ ಬಳಿ ಅವರದೇ ಆವೃತ್ತಿ ಸಿದ್ಧವಿರುತ್ತದೆ. ಘಟ್ಟದ ಮೇಲಿನವನಾದ ನಾನು ಇದರಲ್ಲಿ ತೀರ್ಪು ಕೊಡುವುದಿಲ್ಲ.

ಮಂಗಳೂರಿನ ಋಣ ಬಿದ್ದದ್ದು ಕಾಲೇಜಿಗೆ ಸೇರಿದ ಮೇಲೆ. ಜ್ಯೋತಿ ಟಾಕೀಸಿನಲ್ಲಿ ಮ್ಯಾಟಿನಿ ನೋಡಿ, ಹಾಸ್ಟೆಲಿನ ಗುಂಪು ಹಂಪನಕಟ್ಟೆಯತ್ತ ನಡೆಯುತ್ತಿತ್ತು. ಮಾರ್ಕೆಟ್ ರಸ್ತೆಯ ಐಡಿಯಲ್ ನಮ್ಮ ಗುರಿ. ಪ್ರಭಾಕರ ಕಾಮತರು 1975ರ ಮೇ 1ರಂದು ಶುರು ಮಾಡಿದ ಅಂಗಡಿ ಅದು. ಮಂಗಳೂರಿನ ಮೇ ತಿಂಗಳ ಸೆಕೆ ಕಂಡವರಿಗೆ ಆ ತಾರೀಕಿನ ಜಾಣತನ ಅರ್ಥವಾಗುತ್ತದೆ. ಅಲ್ಲಿ ಗಡ್‌ಬಡ್ ಇತ್ತು, ಪಾರ್ಫೆ ಇತ್ತು. ಜೇಬಿನಲ್ಲಿ ಇಷ್ಟೇ ದುಡ್ಡು ಎಂದು ಮೊದಲೇ ಎಣಿಸಿಕೊಂಡು ಬಂದಿದ್ದರೂ ಪಕ್ಕದ ಮೇಜಿನ ಗ್ಲಾಸು ನೋಡಿದೊಡನೆ ಲೆಕ್ಕ ತಪ್ಪುತ್ತಿತ್ತು. ಆಗ ಸಾಲ ಕೊಡುವವನೇ ಆ ದಿನದ ಯಜಮಾನ, ಯಾವುದನ್ನು ಹಂಚಿಕೊಳ್ಳಬೇಕೆಂದು ಅವನೇ ಹೇಳುವನು. ಆಮೇಲೆ ಲಾಲ್‌ಬಾಗಿನಲ್ಲಿ ಅವರದೇ ಪಬ್ಬಾಸ್ ಬಂತು. ಹೆಸರು ಪ್ರಭಾಕರ ಕಾಮತರ ಮುದ್ದು ಹೆಸರಿನಿಂದಲೇ ಬಂದದ್ದು. 2021ರಲ್ಲಿ ಅವರು ತೀರಿಕೊಂಡ ಸುದ್ದಿ ಬಂದ ದಿನ ನಮ್ಮ ಹಾಸ್ಟೆಲಿನ ಹಳೆಯ ಗುಂಪಿನಲ್ಲಿ ಮಾತು ನಿಲ್ಲಲೇ ಇಲ್ಲ. ಯಾರ ಸಾಲ ಯಾರು ತೀರಿಸಿಲ್ಲ ಎಂಬುದೂ ಹೊರಬಿತ್ತು.

ಪಬ್ಬಾಸಿನ ರಜಾದಿನದ ಸಂಜೆ ನೋಡದವರಿಗೆ ಇದನ್ನು ಹೇಳಲೇಬೇಕು. ಜಾಗ ಸಿಗದವರು ಬಂದು ತಿನ್ನುತ್ತಿರುವವರ ಕುರ್ಚಿಯ ಹಿಂದೆಯೇ ನಿಲ್ಲುತ್ತಾರೆ. ಗ್ಲಾಸಿನಲ್ಲಿ ಎಷ್ಟು ಉಳಿದಿದೆ ಎಂದು ಹೆಗಲ ಮೇಲಿಂದ ಇಣುಕುತ್ತಾರೆ. ಕೂತವರು ಕಿಂಚಿತ್ತೂ ವಿಚಲಿತರಾಗದೆ ಹಣ್ಣಿನ ಚೂರು ಹುಡುಕುತ್ತಿರುತ್ತಾರೆ, ಏಕೆಂದರೆ ಹತ್ತು ನಿಮಿಷದ ಹಿಂದೆ ಅವರೂ ಹಾಗೆಯೇ ನಿಂತಿದ್ದವರು. ಕರಾವಳಿಯವರು ಐಸ್‌ಕ್ರೀಮನ್ನು ಅಂಗಡಿಯ ಸಾಮಾನು ಎಂದು ನೋಡಲೇ ಇಲ್ಲ, ಹೋಟೆಲಿನ ಊಟವೆಂದೇ ನೋಡಿದರು. ಊರೂರಿಗೆ ಹೋಗಿ ಹೋಟೆಲು ತೆರೆದ ಜನ. ಮೇಜು, ನೀರು, ಬಿಲ್ಲು, ಕೊನೆಗೆ ಸೋಂಪು, ಎಲ್ಲವನ್ನೂ ಅದಕ್ಕೂ ಕೊಟ್ಟರು. ಅಜ್ಜಿಯಿಂದ ಮೊಮ್ಮಗುವರೆಗೆ ಒಂದೇ ಮೇಜಿಗೆ ಕೂತದ್ದು ಆ ಕಾರಣಕ್ಕೇ.

ಮಂಗಳೂರಿನಿಂದ ಉಡುಪಿಗೆ ಹೋಗುವ ಬಸ್ಸು ಮೂಲ್ಕಿಯಲ್ಲಿ ನಿಲ್ಲುತ್ತದೆ. ಅದನ್ನು ನಾವು ಕಿಟಕಿಯಿಂದ ನೋಡಿದ್ದೇ ಹೊರತು ಇಳಿದವರಲ್ಲ. ಅದೇ ಊರಿನ ಹಣ್ಣಿನ ವ್ಯಾಪಾರಿಯೊಬ್ಬರ ಮಗ ರಘುನಂದನ ಕಾಮತ್ 1984ರಲ್ಲಿ ಮುಂಬಯಿಯ ಜುಹುವಿನಲ್ಲಿ ನ್ಯಾಚುರಲ್ಸ್ ಶುರು ಮಾಡಿದ್ದು ತಿಳಿದದ್ದು ಅಕ್ಕ ಮದುವೆಯಾಗಿ ಅಂಧೇರಿಗೆ ಹೋದ ಮೇಲೆ. ಭಾವ ಒಂದು ರಾತ್ರಿ ಎಲ್ಲರನ್ನೂ ಜುಹುವಿಗೆ ಕರೆದುಕೊಂಡು ಹೋಗಿ, "ನಿಮ್ಮ ಕಡೆಯವರದೇ" ಎಂದು ಹೆಮ್ಮೆಯಿಂದ ಕೊಡಿಸಿದರು, ತಮ್ಮ ಸ್ವಂತ ಅಂಗಡಿಯೋ ಎಂಬಂತೆ. ಶುರುವಿನಲ್ಲಿ ಅಲ್ಲಿ ಪಾವ್‌ಭಾಜಿಯನ್ನೂ ಮಾರುತ್ತಿದ್ದರು, ಖಾರ ತಿಂದವರು ತಂಪು ಕೇಳದೆ ಇರುತ್ತಾರೆಯೇ! ನಾನು ತಿಂದದ್ದು ಎಳನೀರಿನದು. ಬಾಯಿಗೆ ಎಳೆ ಗಂಜಿಯ ಚೂರು ಸಿಕ್ಕಿತು. ಸೀತಾಫಲದ್ದು ಅಕ್ಕನ ಪಾಲು. ಎಸೆನ್ಸಿನ ವಾಸನೆಯೇ ಹಣ್ಣಿನ ವಾಸನೆ ಎಂದುಕೊಂಡು ಬೆಳೆದ ನಮಗೆ ಹಣ್ಣೇ ಹಣ್ಣಿನ ಹಾಗೆ ರುಚಿಸಿದ್ದು ದೊಡ್ಡ ವಿಷಯ. ರಘುನಂದನ ಕಾಮತರು 2024ರ ಮೇ ತಿಂಗಳಲ್ಲಿ ತೀರಿಕೊಂಡರು.

ಬೆಂಗಳೂರಿನ ಕಾರ್ನರ್ ಹೌಸಿನ ಬಿಸಿ ಚಾಕೊಲೇಟು ಸುರಿದ 'ಡೆತ್ ಬೈ ಚಾಕೊಲೇಟ್' ಕೂಡ ತಿಂದಿದ್ದೇನೆ, ಚೆನ್ನಾಗಿದೆ. ಆದರೆ ಅದು ನೌಕರಿಗೆ ಸೇರಿದ ಮೇಲಿನ ಕಾಲ. ಸ್ವಂತ ಸಂಬಳದಲ್ಲಿ ತಿಂದದ್ದರ ನೆನಪು ಅಷ್ಟು ಗಟ್ಟಿಯಾಗಿ ಉಳಿಯುವುದಿಲ್ಲವೇನೋ.

ಕೆಲವು ವರ್ಷಗಳ ಹಿಂದೆ ಅಕ್ಕನ ಮಗಳು ನಮ್ಮನ್ನು ರೋಮಿಗೆ ಕರೆದುಕೊಂಡು ಹೋದಳು. 1900ರಿಂದ ಇರುವ ಜೊಲಿಟ್ಟಿ ಎಂಬ ಅಂಗಡಿ, ಪ್ಯಾಂಥಿಯನ್ನಿಗೆ ಹತ್ತಿರ. ಮೊದಲು ಗಲ್ಲಾದಲ್ಲಿ ದುಡ್ಡು ಕೊಟ್ಟು ಚೀಟಿ ತೆಗೆದುಕೊಳ್ಳಬೇಕು, ಆಮೇಲೆ ಕೌಂಟರಿಗೆ ನುಗ್ಗಬೇಕು. ಕೂತು ತಿಂದರೆ ದರ ಜಾಸ್ತಿ ಎಂದು ಹುಡುಗಿ ಹೇಳಿದಾಗ ಅಕ್ಕ ಬೆರಗಾದಳು. "ಇಷ್ಟು ದೂರ ಬಂದು ಬೀದೀಲಿ ನಿಂತ್ಕೊಂಡು ತಿನ್ನೋದಾ?" ನಿಂತೇ ತಿಂದೆವು. ಪಿಸ್ತಾದ ಜೆಲಾಟೊ ಅದ್ಭುತವಾಗಿತ್ತು, ಸುಳ್ಳೇಕೆ ಹೇಳಲಿ. ಕಾರ್ಖಾನೆಯ ಐಸ್‌ಕ್ರೀಮಿನಲ್ಲಿ ಅರ್ಧದಷ್ಟು ಗಾಳಿಯೇ ಇರಬಹುದು. ಜೆಲಾಟೊದಲ್ಲಿ ಗಾಳಿ ಕಡಿಮೆ, ಕೆನೆಯೂ ಕಡಿಮೆ, ಇಟ್ಟ ಪೆಟ್ಟಿಗೆಯ ತಂಪೂ ಸ್ವಲ್ಪ ಕಡಿಮೆ. ಹಾಗಾಗಿ ನಾಲಿಗೆ ಮರಗಟ್ಟುವುದಿಲ್ಲ, ಪಿಸ್ತಾ ಪಿಸ್ತಾದ ಹಾಗೇ ಹತ್ತುತ್ತದೆ. ಗಡ್‌ಬಡ್‌ನ ವೆನಿಲಾವನ್ನು ಬೇರೆ ಮಾಡಿ ಇದರ ಪಕ್ಕ ಇಟ್ಟರೆ ಗೆಲ್ಲುವುದು ಪಿಸ್ತಾವೇ. ಆದರೆ ವೆನಿಲಾವನ್ನು ಬೇರೆ ಮಾಡಿ ತಿನ್ನುವುದು ಸಾರಿಲ್ಲದೆ ಅನ್ನದ ಬೆಲೆ ಕಟ್ಟಿದ ಹಾಗೆ. ಅಕ್ಕನ ತೀರ್ಪು ಇನ್ನೂ ಚುಟುಕು: "ರುಚಿ ಇದೆ, ಗೋಡಂಬಿ ಇಲ್ಲ."

ಅತ್ತೆ, ಚಿಕ್ಕಪ್ಪ ಈಗಿಲ್ಲ. ಉಳಿದವರು ಕಳೆದ ಬೇಸಿಗೆಯಲ್ಲಿ ಒಂದು ಟೆಂಪೊ ಟ್ರಾವೆಲರ್ ಮಾಡಿಕೊಂಡು ಘಟ್ಟ ಇಳಿದೆವು. ಪಬ್ಬಾಸಿನಲ್ಲಿ ಎಂದಿನಂತೆ ಕುರ್ಚಿಗಳ ಹಿಂದೆ ನಿಂತು ಜಾಗ ಹಿಡಿದೆವು. ಅರ್ಧ ಮಂದಿಗೆ ಸಕ್ಕರೆ ಕಾಯಿಲೆ. ಹಾಗಾಗಿ ಮೂರು ಗಡ್‌ಬಡ್ ಹೇಳಿ ಆರು ಚಮಚ ಕೇಳಬೇಕೆಂದು ಹೊರಗೇ ಮಾತಾಡಿಕೊಂಡಿದ್ದೆವು. ಆರ್ಡರು ತೆಗೆದುಕೊಳ್ಳಲು ಬಂದ ಹುಡುಗ "ಮೂರು ಸಾಕಾ?" ಎಂದು ಕೇಳಿದ ಅಷ್ಟೆ. ಅಂಧೇರಿಯ ಭಾವ ಮಾತ್ರೆಯ ಡಬ್ಬಿಯನ್ನು ಮೇಜಿನ ಮೇಲಿಟ್ಟು, "ಮೂರು ಯಾಕೆ? ಆರು ತನ್ನಿ, ಒಂದು ಪಾರ್ಫೆ ಬೇರೆ" ಎಂದರು. ಪಾರ್ಫೆ ಯಾರಿಗೆ ಎಂದು ಅಕ್ಕ ಕೇಳಿದ್ದಕ್ಕೆ, ರುಚಿ ನೋಡುವುದಕ್ಕೆ ಎಂದರು.