ಖಾಲಿ ಹಾಸಿಗೆಯ ಬಾಡಿಗೆ

ಕೋಲ್ಕತ್ತದಲ್ಲಿ ಮೂರು ದಶಕ ಕಳೆದ ನಮಗೆ, ಎಂದರೆ ನಾವಿಬ್ಬರು ಗಂಡಹೆಂಡಿರಿಗೆ, ಹೂಗ್ಲಿ ನದಿಯೆಂದರೆ ಹೌರಾ ನಿಲ್ದಾಣದ ದಾರಿಗೆ ಅಡ್ಡಲಾಗಿ ಹರಿಯುವ ನೀರು, ಅಷ್ಟೆ. ಊರಿನಿಂದ ನೆಂಟರು ಬಂದಾಗ ಬಾಬುಘಾಟಿನಿಂದ ಲಾಂಚಿನಲ್ಲಿ ಆಚೆ ದಡಕ್ಕೆ ಕರೆದೊಯ್ದು ಸೇತುವೆ ತೋರಿಸಿ ತರುತ್ತಿದ್ದೆವು. ಆ ಲಾಂಚಿಗೆ ಕೆಲವೇ ರೂಪಾಯಿಯ ಟಿಕೇಟು. ಕಟಾಂಜನಕ್ಕೆ ಒರಗಿ ಗಾಳಿ ಕುಡಿಯುವವನಿಗೂ ಗುಂಪಿನ ನಡುವೆ ಸಿಕ್ಕಿಬಿದ್ದವನಿಗೂ ಒಂದೇ ದರ. ಅದೇ ನದಿಯ ಮೇಲೆ ಒಂದು ರಾತ್ರಿ ಕಳೆಯಲು ಎಷ್ಟು ಬಗೆಯ ಬೆಲೆಗಳಿವೆ ಎಂಬುದು ನಮಗೆ ತಿಳಿದದ್ದು ಅತ್ತಿಗೆ ಬಂದ ವರ್ಷ.

ಅಣ್ಣ ತೀರಿಕೊಂಡು ವರ್ಷ ತುಂಬಿದ ಮೇಲೆ ಅತ್ತಿಗೆ ಹೊನ್ನಾವರದಿಂದ ಲೇಕ್ ಮಾರ್ಕೆಟ್ ಸಮೀಪದ ನಮ್ಮ ಮನೆಗೆ ಬಂದರು. ಹಗಲೆಲ್ಲ ಗೆಲುವಾಗಿಯೇ ಇರುತ್ತಿದ್ದರು. ರಾತ್ರಿ ಮಾತ್ರ ಕೋಣೆಯ ಬಾಗಿಲು ತೆರೆದಿಟ್ಟು, ದೀಪ ಆರಿಸದೆ ಮಲಗುತ್ತಿದ್ದರು. ಶರಾವತಿಯ ದೋಣಿಗಳನ್ನು ನೋಡುತ್ತ ಬೆಳೆದವರಿಗೆ ನದಿಯೇ ಸಮಾಧಾನ ತಂದೀತೆಂದು ನಾವು ಮುರ್ಷಿದಾಬಾದಿನವರೆಗೆ ಹೋಗಿಬರುವ ವಿಹಾರನೌಕೆಯೊಂದರ ದರಪಟ್ಟಿ ತರಿಸಿದೆವು.

ದರಪಟ್ಟಿಯ ಮೇಲೆ ದಪ್ಪಕ್ಷರದಲ್ಲಿ ‘ಎರಡನೆಯವರಿಗೆ ಅರ್ಧ ಬೆಲೆ’ ಎಂದಿತ್ತು. ಕೆಳಗೆ ಸಣ್ಣಕ್ಷರದಲ್ಲಿ, ದರವು ತಲೆಗೆ, ಕ್ಯಾಬಿನ್ನಿಗೆ ಇಬ್ಬರಂತೆ, ಎಂದಿತ್ತು. ಇಂಥ ಲೆಕ್ಕವನ್ನು ಒಂದು ಉದಾಹರಣೆಯಿಂದ ಬಿಡಿಸಿಕೊಳ್ಳುವುದು ಒಳ್ಳೆಯದು. ತಲಾ ದರ 1,00,000 ರೂಪಾಯಿ ಎಂದಿಟ್ಟುಕೊಳ್ಳೋಣ. ದಂಪತಿಗೆ ಬೀಳುವುದು 1,50,000. ಅರ್ಧದ ರಿಯಾಯಿತಿ ಎಂದು ಕಂಡದ್ದು ನಿಜವಾಗಿ ಶೇಕಡಾ 25ರದು. ಮತ್ತೊಬ್ಬ ನೌಕೆಯವನು ಸದ್ದಿಲ್ಲದೆ ಶೇಕಡಾ 30 ಬಿಟ್ಟರೆ ಅವನೇ ಅಗ್ಗ. ಒಂಟಿಯಾಗಿ ಬಂದವರಿಂದ ಖಾಲಿ ಹಾಸಿಗೆಯ ಬಾಬ್ತನ್ನೂ ಪೂರ್ತಿ ವಸೂಲಿ ಮಾಡುವ ಕಡೆ, ಅದೇ ಕೋಣೆಗೆ ಒಬ್ಬರೇ ಕೊಡಬೇಕಾದದ್ದು 2,00,000. ಇಬ್ಬರು ಉಂಡು ಮಲಗುವುದಕ್ಕಿಂತ ಒಬ್ಬರು ಉಂಡು ಮಲಗುವುದು 50,000 ರೂಪಾಯಿ ದುಬಾರಿ!

“ಇಲ್ಲದವರ ಹಾಸಿಗೆಗೂ ನಾನೇ ದುಡ್ಡು ಕೊಡಬೇಕೇನೋ?” ಎಂದು ಅತ್ತಿಗೆ ನಕ್ಕರು. ನಾವೂ ನಕ್ಕೆವು. ನಗಬಾರದಿತ್ತೆಂದು ಆಮೇಲೆ ಅನ್ನಿಸಿತು.

ಇದು ಯಾರೋ ಒಬ್ಬರ ದುರಾಸೆಯಲ್ಲ, ವ್ಯಾಪಾರದ ಕಟ್ಟೋಣವೇ ಹಾಗಿದೆ. 2023ರ ಜನವರಿ 13ರಂದು ವಾರಾಣಸಿಯಿಂದ ಕೋಲ್ಕತ್ತ, ಬಾಂಗ್ಲಾದೇಶಗಳ ಮೂಲಕ ದಿಬ್ರುಗಢಕ್ಕೆ 51 ದಿನಗಳ, 3,200 ಕಿಲೋಮೀಟರುಗಳ ಯಾನಕ್ಕೆ ಹೊರಟ ಗಂಗಾ ವಿಲಾಸ ನೌಕೆಯನ್ನೇ ನೋಡಿ: 18 ಸೂಟುಗಳು, 36 ಪ್ರವಾಸಿಗರು. ಲೆಕ್ಕ ಹುಟ್ಟುವುದೇ ಜೋಡಿಯಿಂದ. ಇದಕ್ಕೆ ಹೋಲಿಸಿದರೆ ನಮ್ಮ ಖಿದಿರಪುರ ಡಾಕಿನಿಂದ ಅಂಡಮಾನಿಗೆ ಹೋಗುವ ಸರ್ಕಾರಿ ಹಡಗಿನ ನ್ಯಾಯ ಬೇರೆ. ಅಲ್ಲಿಯೂ ಡೀಲಕ್ಸ್, ಮೊದಲನೆಯ ದರ್ಜೆ, ಎರಡನೆಯ ದರ್ಜೆ, ಬಂಕ್ ಎಂಬ ಮೇಲುಕೀಳುಗಳಿವೆ. ದ್ವೀಪವಾಸಿಗೊಂದು ದರ, ಹೊರಗಿನವರಿಗೊಂದು ದರವೂ ಇದೆ. ಆದರೆ ಅಲ್ಲಿ ಮಾರುವುದು ಮಲಗುವ ಜಾಗವನ್ನು, ಕೋಣೆಯನ್ನಲ್ಲ. ಮೂರು ನಾಲ್ಕು ದಿನಗಳ ಆ ಪಯಣದಲ್ಲಿ ಒಂಟಿ ಹೆಂಗಸು ಒಂದು ಜಾಗಕ್ಕೆ ಮಾತ್ರ ಹಣ ತೆರುತ್ತಾಳೆ.

ಕೊನೆಗೆ ಕೆಳಗಿನ ಡೆಕ್ಕಿನಲ್ಲಿ ಅಕ್ಕಪಕ್ಕದ ಎರಡು ಕ್ಯಾಬಿನ್ ಹಿಡಿದೆವು. ಒಂದು ನಮಗೆ, ಒಂದು ಅತ್ತಿಗೆಗೆ. ಹೊರಡಲು ಹತ್ತು ದಿನವಿರುವಾಗ ಒಂದು ಪತ್ರ ಬಂತು: ಸ್ವಲ್ಪವೇ ಹೆಚ್ಚು ಕೊಟ್ಟರೆ ಮೇಲಿನ ಡೆಕ್ಕಿಗೆ, ಬಾಲ್ಕನಿಯಿರುವ ಕ್ಯಾಬಿನ್ನಿಗೆ ಅಪ್‌ಗ್ರೇಡ್, ಎರಡು ದಿನಗಳೊಳಗೆ ಒಪ್ಪಬೇಕು, ಒಪ್ಪಿದ ಮೇಲೆ ಹಣ ಹಿಂದಿರುಗದು. ದಡ ಬಿಟ್ಟ ನೌಕೆಯ ಖಾಲಿ ಕ್ಯಾಬಿನ್ ಕಾಸಿಗೂ ಬಾಳದು, ಹೀಗಾಗಿ ಉಳಿದ ದುಬಾರಿ ಕೋಣೆಗಳನ್ನು ಅಗ್ಗದ ಕೋಣೆ ಹಿಡಿದವರಿಗೇ ತೋರಿಸುತ್ತಾರೆ. ನಾವು ಮೇಲೆ ಹೋದರೆ ತೆರವಾದ ಅಗ್ಗದ ಕೋಣೆ ಬೇಗ ಮಾರಿಹೋಗುತ್ತದೆ. ಇದು ಕೃಪೆಯಲ್ಲ, ಲೆಕ್ಕ. ಸಮುದ್ರದ ದೊಡ್ಡ ಹಡಗುಗಳಲ್ಲಿ ಇದಕ್ಕೆ ಹರಾಜಿನಂತೆ ಕೂಗುವ ಪದ್ಧತಿಯೂ ಇದೆ. ಅಲ್ಲಿ ಕೂಗುವ ಮೊತ್ತ ಸಾಮಾನ್ಯವಾಗಿ ತಲೆಗೆ, ಎಂದರೆ ದಂಪತಿಗೆ ಇಮ್ಮಡಿ. ಅದಕ್ಕೆ ಒಪ್ಪಿದವರು ತಾವೇ ಆರಿಸಿಕೊಂಡಿದ್ದ ಕೋಣೆಯ ಸಂಖ್ಯೆಯನ್ನು ಬಿಟ್ಟುಕೊಡುತ್ತಾರೆಂಬುದು ಎಷ್ಟೋ ಜನರ ಗಮನಕ್ಕೇ ಬರುವುದಿಲ್ಲ.

ನಮ್ಮ ಗಮನಕ್ಕೂ ಬರಲಿಲ್ಲ. ಬಂದಿತ್ತೇನೋ, ಬಾಲ್ಕನಿಯ ಚಿತ್ರ ಕಣ್ಣಿಗೆ ಕಟ್ಟಿತ್ತು. ಅತ್ತಿಗೆಯನ್ನು ಒಂದು ಮಾತು ಕೇಳದೆ ಒಪ್ಪಿಗೆ ಕಳಿಸಿದೆವು. ನೌಕೆ ಏರಿದ ಸಂಜೆ ವಿಷಯ ತಿಳಿಸಿದಾಗ ಅವರು, “ಒಳ್ಳೆಯದಾಯಿತು, ನೀವಿಬ್ಬರಾದರೂ ಮೇಲಿರಿ” ಎಂದು ತಮ್ಮ ಬ್ಯಾಗನ್ನು ತಾವೇ ಎತ್ತಿಕೊಂಡು ಮೆಟ್ಟಿಲಿಳಿದರು.

ಮರುದಿನ ಕಾಲ್ನಾದಲ್ಲಿ ಇಳಿದೆವು. 1809ರಲ್ಲಿ ಕಟ್ಟಿಸಿದ 108 ಶಿವಗುಡಿಗಳು ಅಲ್ಲಿ ಎರಡು ವರ್ತುಲಗಳಲ್ಲಿ ನಿಂತಿವೆ. ಹೊರಗೆ 74, ಒಳಗೆ 34. ಹೊರವರ್ತುಲವನ್ನು ಅರ್ಧ ಸುತ್ತುವಷ್ಟರಲ್ಲಿ ಅತ್ತಿಗೆ ಕಟ್ಟೆಯ ಮೇಲೆ ಕುಳಿತುಬಿಟ್ಟರು. ಕಣ್ಣು ಕೆಂಪಾಗಿತ್ತು. ಕೇಳಿದ್ದಕ್ಕೆ, ರಾತ್ರಿಯಿಡೀ ನಿದ್ರೆಯಿಲ್ಲ ಎಂದರು. ಎಂಜಿನ್ನಿನ ಸದ್ದೇ ಎಂದು ವಿಚಾರಿಸಿದೆವು. “ಸದ್ದಲ್ಲ. ಬೆಳಿಗ್ಗೆ ಮಡಚಿಟ್ಟ ಆ ಇನ್ನೊಂದು ಹಾಸಿಗೆ ಹಾಗೆಯೇ ಇತ್ತಲ್ಲ, ಅದನ್ನೇ ನೋಡುತ್ತಿದ್ದೆ. ಪಕ್ಕದಲ್ಲಿ ನೀವಿದ್ದೀರಿ ಅಂದಿದ್ದಿರಿ. ಗೋಡೆ ತಟ್ಟಿದೆ. ಯಾರೋ ಬೇರೆಯವರು ಬೈದರು.”

ಬಿಟ್ಟುಕೊಟ್ಟ ನಮ್ಮ ಕೋಣೆ ಅಷ್ಟು ಬೇಗ ಮಾರಿಹೋಗಿತ್ತು.

ಆ ರಾತ್ರಿಯಿಂದ ನಮ್ಮಲ್ಲಿ ಹೆಣ್ಣಾದವರು ಕೆಳಗೆ ಹೋಗಿ ಅತ್ತಿಗೆಯ ಜೊತೆ ಮಲಗಿದರು. ಗಂಡಾದವರು ಬಾಲ್ಕನಿಯೊಡನೆ ಒಬ್ಬರೇ ಉಳಿದರು. ಮೊದಲೇ ಹೀಗೆ ಹಂಚಿಕೊಂಡಿದ್ದರೂ ದರದಲ್ಲಿ ಒಂದು ರೂಪಾಯಿಯ ವ್ಯತ್ಯಾಸವೂ ಬೀಳುತ್ತಿರಲಿಲ್ಲ. ಯಾರು ಯಾರ ಜೊತೆ ಮಲಗಬೇಕು ಎಂಬ ಪ್ರಶ್ನೆಯನ್ನು ದರಪಟ್ಟಿ ಕೇಳಲಿಲ್ಲ. ಅದು ದಂಪತಿ ಎಂದಿತು, ನಾವೂ ಹೂಂ ಎಂದೆವು. ಬಾಲ್ಕನಿಯಾದರೋ, ನೌಕೆ ದಡಕ್ಕೆ ನಿಂತ ಸಂಜೆಗಳಲ್ಲಿ ಎದುರಿಗೆ ಕೆಸರಿನ ದಂಡೆಯನ್ನೇ ತೋರಿಸುತ್ತಿತ್ತು. ನದಿ ಚೆನ್ನಾಗಿ ಕಾಣುತ್ತಿದ್ದದ್ದು ಎಲ್ಲರಿಗೂ ತೆರೆದಿದ್ದ ಮೇಲಟ್ಟದಿಂದ. ಅದಕ್ಕೆ ಪ್ರತ್ಯೇಕ ಬೆಲೆಯಿರಲಿಲ್ಲ.

ಮುರ್ಷಿದಾಬಾದಿನ ಹಜಾರ್‌ದುವಾರಿ ಅರಮನೆಯ ಸಾವಿರ ಬಾಗಿಲುಗಳಲ್ಲಿ ನೂರು ಹುಸಿ ಎಂದು ಮಾರ್ಗದರ್ಶಿ ಹೇಳಿದಾಗ ಅತ್ತಿಗೆ ನಮ್ಮತ್ತ ತಿರುಗಿ, “ನಿಮ್ಮ ರಿಯಾಯಿತಿಯ ಕಾಗದದ ಹಾಗೆ” ಎಂದರು. ಈ ಸಲ ಮೂವರೂ ಮನಸಾರೆ ನಕ್ಕೆವು.

ಮನೆಗೆ ಬಂದು ಲೆಕ್ಕ ಬರೆದೆವು. ನಾಲ್ಕು ಹಾಸಿಗೆಗೆ ಹಣ ಕೊಟ್ಟಿದ್ದೆವು, ಮಲಗಿದವರು ಮೂವರು. ಖಾಲಿ ಹಾಸಿಗೆ ಕೊನೆಯವರೆಗೂ ಒಂದಿದ್ದೇ ಇತ್ತು. ಆದರೆ ಎರಡನೆಯ ರಾತ್ರಿಯಿಂದ ಅದು ಅತ್ತಿಗೆಯ ಕೋಣೆಯಲ್ಲಿರಲಿಲ್ಲ.