ಎರಡನೆಯ ಪದವಿಯ ಋಣ

ವಿದ್ಯೆಯನ್ನು ಕಳ್ಳರು ಕದಿಯಲಾರರೆಂದು ನಾನು ಮೂವತ್ತು ವರ್ಷಗಳ ಕಾಲ ಮಕ್ಕಳಿಗೆ ಬೋಧಿಸಿದೆನು. ಆದರೆ ವಿದ್ಯಾಮಂದಿರದ ಬಾಗಿಲಲ್ಲಿ ಶುಲ್ಕವೆಂಬ ದ್ವಾರಪಾಲಕನಿರುವನೆಂಬುದನ್ನೂ, ಎರಡನೆಯ ಬಾರಿ ಒಳಹೊಗುವವರನ್ನು ಅವನು ಬಹು ಕಠಿಣವಾಗಿ ತಡೆಯುವನೆಂಬುದನ್ನೂ ನಿವೃತ್ತನಾದ ಮೇಲೆಯೇ ಅರಿತೆನು.

ನಮ್ಮ ಅಣಶಿಯು ಕಾಳಿ ಹುಲಿ ಸಂರಕ್ಷಿತಾರಣ್ಯದ ಗ್ರಾಮವು. ಮಳೆಗಾಲದಲ್ಲಿ ಘಟ್ಟದ ದಾರಿಗೆ ಗುಡ್ಡ ಕುಸಿದರೆ ಕಾರವಾರವು ಕಾಶಿಯಷ್ಟು ದೂರವಾಗುವುದು. ಅಂತಹ ಒಂದು ರಾತ್ರಿ ನನ್ನ ಹಳೆಯ ಶಿಷ್ಯೆಯೊಬ್ಬಳು ಅತ್ತಿಗೆಯ ಹೆರಿಗೆಯ ನೋವನ್ನು ನೋಡುತ್ತ, ಏನೂ ಮಾಡಲರಿಯದೆ ಬೆಳಗಿನವರೆಗೆ ಕುಳಿತಿದ್ದಳು. ತಾಯಿಯೂ ಮಗುವೂ ಉಳಿದುದು ದೈವಕೃಪೆ. ಮರುದಿನ ಅವಳು ನಮ್ಮ ಜಗಲಿಗೆ ಬಂದು, “ಮಾಸ್ತರೇ, ನಾನು ನರ್ಸಿಂಗ್ ಓದುವೆನು” ಎಂದಳು. ಪಿ.ಯು.ಸಿ.ಯಲ್ಲಿ ವಿಜ್ಞಾನವನ್ನು ಓದಿದ್ದವಳು, ಮನೆಯ ಬಡತನದಿಂದ ಬಿ.ಎ. ಮುಗಿಸಿದ್ದಳು.

ಒಂದು ಕಚೇರಿಯಲ್ಲಿ ವಿಚಾರಿಸಲು, “ಪದವೀಧರೆಗೆ ಮತ್ತೆ ಪದವಿಗಾಗಿ ಎಲ್ಲಿಯೂ ಕಾಸು ಹುಟ್ಟದು” ಎಂದರು. ನಾವದನ್ನು ನಂಬಿ ಒಂದು ವರ್ಷವನ್ನು ಕಳೆದೆವು. ಅನಂತರ ನಿಯಮಗಳನ್ನು ನಾನೇ ಓದಿ ನೋಡಲು, ಆ ಮಾತು ಅರ್ಧಸತ್ಯವೆಂದು ತಿಳಿಯಿತು. ಬಿ.ಎ. ಆದ ಮೇಲೆ ಬಿ.ಕಾಂ. ಓದುವಂತೆ, ಅದೇ ಹಂತದಲ್ಲಿ ಬೇರೆ ವಿಷಯವನ್ನು ಓದುವವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವು ಸಲ್ಲದೆಂಬುದು ನಿಜ. ಕೇಂದ್ರ ಸರಕಾರವು 2009ರಲ್ಲಿ ಆರಂಭಿಸಿದ ಬಡ್ಡಿ ಸಹಾಯಧನವನ್ನೂ ಒಮ್ಮೆ ಮಾತ್ರ, ಮೊದಲನೆಯ ಪದವಿಗೆ ಅಥವಾ ಸ್ನಾತಕೋತ್ತರ ವ್ಯಾಸಂಗಕ್ಕೆ ಎಂದು ವಿಧಿಸಿದ್ದರು. ಆದರೆ ಸಹಾಯಧನ ಬೇರೆ, ಸಾಲ ಬೇರೆ. ಬ್ಯಾಂಕುಗಳ ಮಾದರಿ ವಿದ್ಯಾಸಾಲದ ಯೋಜನೆಯಲ್ಲಿ 4 ಲಕ್ಷ ರೂಪಾಯಿಗಳವರೆಗೆ ಕೈಯಿಂದ ಹಾಕಬೇಕಾದ ಪಾಲೂ ಇಲ್ಲ, ಆಸ್ತಿಯ ಅಡಮಾನವೂ ಇಲ್ಲ. ತಂದೆ ಅಥವಾ ತಾಯಿ ಜೊತೆಗೆ ಸಹಿ ಮಾಡಬೇಕು. ಓದು ಮುಗಿದು ಒಂದು ವರ್ಷವಾದ ಮೇಲೆ ಕಂತುಗಳು ಆರಂಭವಾಗುವುವು. ಬಡ್ಡಿಯು ಮಾತ್ರ ಮೊದಲ ದಿನದಿಂದಲೇ ಬೆಳೆಯುವುದೆಂಬುದನ್ನು ಮರೆಯಲಾಗದು.

ಅವಳ ತಂದೆಯು ಸಾಲವೆಂಬ ಶಬ್ದಕ್ಕೇ ನಡುಗಿದನು. “ಮದುವೆಗೆ ಸಾಲ ಮಾಡುವೆಯಷ್ಟೆ? ಅದನ್ನು ನೀನೇ ತೀರಿಸಬೇಕು, ಇದನ್ನು ಅವಳೇ ತೀರಿಸುವಳು” ಎಂದೆನು. ಬಹಳ ಹೊತ್ತು ನೆಲವನ್ನು ನೋಡಿ, ಕೊನೆಗೆ ಸಹಿ ಹಾಕಿದನು.

ವಸತಿಗೆ ಮತ್ತು ಪುಸ್ತಕಗಳಿಗೆ ಇನ್ನೂ ಹಣ ಸಾಲದಾಯಿತು. ನಮ್ಮ ಮನೆಯ ಹಂಚು ಹೊದಿಸಲು ನಿವೃತ್ತಿಯ ಹಣದಲ್ಲಿ ಸ್ವಲ್ಪವನ್ನು ತೆಗೆದಿಟ್ಟಿದ್ದೆನು. ಅದನ್ನು ಕೊಡುವೆನೆಂದಾಗ ನನ್ನ ಗೃಹಿಣಿಯು ಮೂರು ದಿನ ಮಾತನಾಡಲಿಲ್ಲ. ನಾಲ್ಕನೆಯ ದಿನ ನನ್ನ ಹಳೆಯ ಕಥೆಯನ್ನು ಅವಳೇ ನೆನಪಿಸಿದಳು. ವಿದ್ವತ್ ಪರೀಕ್ಷೆ ಮುಗಿಸಿದ ನನಗೆ ಬಿ.ಎ. ಓದುವ ಆಸೆಯಾದಾಗ ಹಿರಿಯರೊಬ್ಬರು ಶುಲ್ಕ ಕಟ್ಟಿದ್ದರು. ಮರಳಿಸಲು ಹೋದಾಗ, “ನನಗೆ ಬೇಡ, ಮುಂದಿನವನಿಗೆ ಕೊಡು” ಎಂದಿದ್ದರು. ಆ ಮುಂದಿನವನು ಇಷ್ಟು ವರ್ಷಗಳ ಮೇಲೆ ಹೆಣ್ಣುಮಗುವಾಗಿ ಬಂದಿದ್ದಳು.

ಅವಳೀಗ ಎರಡನೆಯ ವರ್ಷದಲ್ಲಿರುವಳು. ಫಲವು ಇನ್ನೂ ಮುಂದಿದೆ. ಗೃಹಸ್ಥರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: “ಇಲ್ಲ” ಎಂಬುದನ್ನು ಬಾಯಿಮಾತಿನಲ್ಲಿ ಸ್ವೀಕರಿಸಬೇಡಿರಿ, ನಿಯಮವನ್ನು ಕಣ್ಣಾರೆ ಓದಿರಿ, ಮೊದಲ ನೌಕರಿಯ ಸಂಬಳವು ಹೊರಬಲ್ಲಷ್ಟೇ ಸಾಲ ಮಾಡಿಸಿರಿ. ಈ ಮಳೆಗಾಲದಲ್ಲಿ ನಮ್ಮ ಅಡಿಗೆಮನೆಯಲ್ಲಿ ಎರಡು ಕಡೆ ಸೋರುತ್ತಿದೆ. ಗೃಹಿಣಿಯು ಪಾತ್ರೆಯಿಟ್ಟು, ಹನಿ ಬೀಳುವ ಸದ್ದಿಗೆ ನಗುತ್ತಾಳೆ.