ಒಂದು ದಿಬ್ಬಣಕ್ಕೆ ಮೂರು ಗಾಡಿ

ನಮ್ಮ ಮುಧೋಳ ಸೀಮೆಯಲ್ಲಿ ಎತ್ತು ಕೊಳ್ಳುವವರಾಗಲಿ, ಹೊಲ ಖರೀದಿಸುವವರಾಗಲಿ, ಮದುವೆಗೆ ವಾದ್ಯದವರನ್ನು ಗೊತ್ತುಪಡಿಸುವವರಾಗಲಿ ಮೊದಲು ಸಂಚಕಾರ ಕೊಡುವುದು ರೂಢಿ. ಸಂಚಕಾರವೆಂಬ ಶಬ್ದಕ್ಕೆ ಮುಂಗಡ ಹಣವೆಂಬ ಅರ್ಥದೊಡನೆ ಆಪತ್ತು ಎಂಬ ಅರ್ಥವೂ ಕನ್ನಡದಲ್ಲಿದೆ. ಮಾತಿಗೆ ತಪ್ಪಿದರೆ ಕೊಟ್ಟ ಹಣಕ್ಕೆ ಆಪತ್ತು. ಆ ಭಯವೇ ಮಾತಿಗೆ ಕಾವಲು. ಈಗ ಬಾಡಿಗೆ ವಾಹನಗಳನ್ನು ದೂರವಾಣಿಯಲ್ಲೇ ಗೊತ್ತುಪಡಿಸುವ ಕಾಲ ಬಂದಿದೆ. ಎಷ್ಟೋ ಸಲ ಸಂಚಕಾರದ ಮಾತೇ ಬರುವುದಿಲ್ಲ. ಮಾತು ತಪ್ಪಿದರೆ ಹೇಳಿದವನಿಗೆ ನಷ್ಟವಿಲ್ಲ; ಆಪತ್ತೆಲ್ಲ ನಂಬಿದವನ ಪಾಲಿಗೆ. ಈ ಅನುಕೂಲವನ್ನು ಜಾಣತನವೆಂದು ಬಳಸಿಕೊಳ್ಳುವ ಅಭ್ಯಾಸ ನಮ್ಮ ಮನೆಗಳಲ್ಲಿ ಬೆಳೆಯುತ್ತಿರುವುದರಿಂದ ಅದರ ಕುರಿತು ನಾಲ್ಕು ಮಾತು ಬರೆಯುವ ಮನಸ್ಸಾಯಿತು.

ಎರಡು ವರ್ಷಗಳ ಹಿಂದೆ ತಿಮ್ಮಾಪುರದಲ್ಲಿ ನಮ್ಮ ಬಂಧುಗಳ ಮನೆಯ ಮದುವೆ. ಬೀಗರ ಊರು ಜಮಖಂಡಿಯ ಆಚೆ. ಹಿರಿಯರಿಗೂ ಹೆಣ್ಣುಮಕ್ಕಳಿಗೂ ಒಂದು ಕ್ರೂಸರ್ ಗಾಡಿ ಬೇಕಾಗಿತ್ತು. ಮದುಮಗನ ಕಾಕಾನ ಮಗ ಆ ಹೊಣೆ ಹೊತ್ತನು. ಮುಧೋಳ, ಲೋಕಾಪುರ, ಮಹಾಲಿಂಗಪುರಗಳ ಮೂವರು ಮಾಲೀಕರಿಗೆ ಮಾತನಾಡಿ, ಮೂವರಿಗೂ ‘ಗಾಡಿ ನಮಗೇ ಇರಲಿ’ ಎಂದು ಹೇಳಿದನು. ಹಿಂದಿನ ದಿನ ಸಂಜೆಯವರೆಗೆ ಚೌಕಾಸಿ ನಡೆಸಿ, ಕಡಿಮೆಗೆ ಬಂದ ಒಬ್ಬರನ್ನು ಉಳಿಸಿಕೊಂಡು ಮತ್ತೊಬ್ಬರಿಗೆ ಬೇಡವೆಂದನು. ಉಳಿತಾಯವಾದದ್ದು ಏಳುನೂರು ರೂಪಾಯಿ. ಮೂರನೆಯವರ ದೂರವಾಣಿ ಹತ್ತಲಿಲ್ಲವೆಂದು ಸುಮ್ಮನಾದನು.

ಬೆಳಗಿನ ಐದು ಗಂಟೆಗೆ ಆ ಮೂರನೆಯ ಗಾಡಿ ತೊಳೆದು, ಮಾವಿನ ಎಲೆ ಕಟ್ಟಿಕೊಂಡು ಮನೆಯ ಮುಂದೆ ಬಂದು ನಿಂತಿತು. ಮಾಲೀಕನೇ ಚಾಲಕ. ವಿಷಯ ತಿಳಿದಾಗ ಆತ ಕೂಗಾಡಲಿಲ್ಲ. “ಯಜಮಾನ್ರ, ಕೂಡಲಸಂಗಮದ ಬಾಡಿಗಿ ಬಿಟ್ಟು ಬಂದೇನ್ರಿ. ಮೊನ್ನೆ ಬ್ಯಾಡ ಅಂದಿದ್ರ ಸಾಕಾಗಿತ್ತು” ಎಂದಷ್ಟೇ ಹೇಳಿದನು. ಮದುಮಗನ ಅಜ್ಜ ಆತನನ್ನು ಒಳಗೆ ಕರೆದು ಉಪಾಹಾರ ಮಾಡಿಸಿ, ಒಪ್ಪಿದ ಬಾಡಿಗೆಯನ್ನು ಪೂರ್ತಿಯಾಗಿ ಕೈಯಲ್ಲಿಟ್ಟರು. ಗಾಡಿ ಓಡಿಸದೆಯೇ ಹಣ ಕೊಡುವುದೇ ಎಂದು ಕೆಲವರು ಗೊಣಗಿದಾಗ, “ಅವನ ಒಂದು ದಿನಾನ ನಾವು ಇಟ್ಕೊಂಡಿದ್ವಿ. ಅದರ ಬೆಲಿ ಇದು” ಎಂದರು. ಆತ ಹಣ ಎಣಿಸಿಕೊಂಡು ಹೋದನು. ಅದು ನ್ಯಾಯವೇ ಆಗಿತ್ತು. ಮದುವೆಯ ಮುಹೂರ್ತಗಳಿರುವ ದಿನಗಳು ಎಣಿಕೆಯವು. ಆ ದಿನಗಳ ಗಳಿಕೆಯಿಂದಲೇ ಗಾಡಿಯ ಸಾಲದ ಕಂತು, ವಿಮೆ, ತೆರಿಗೆ ಹೊರಡಬೇಕು. ಮಾರದೆ ಉಳಿದ ಜೋಳವನ್ನು ನಾಳೆ ಮಾರಬಹುದು. ಬಾಡಿಗೆಯಿಲ್ಲದೆ ನಿಂತ ದಿನವನ್ನು ಮರುದಿನ ಮಾರಲಾಗದು.

ಇದೇ ತಿಮ್ಮಾಪುರದಲ್ಲಿ ರೈತರ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ. ಕಬ್ಬಿನ ಸೀಮೆಯವರಿಗೆ ಕಡಿಯುವ ಗ್ಯಾಂಗಿನ ಸಂಗತಿ ಹೊಸದಲ್ಲ. ಹಂಗಾಮಿಗೆ ಮುನ್ನ ಟ್ರ್ಯಾಕ್ಟರ್ ಮಾಲೀಕರು ಗ್ಯಾಂಗಿನ ಮುಖ್ಯಸ್ಥನಿಗೆ ಮುಂಗಡ ಕೊಡುತ್ತಾರೆ. ಆತ ಇಬ್ಬರಲ್ಲಿ ಮುಂಗಡ ಪಡೆದು ಒಬ್ಬರ ಹೊಲಕ್ಕೆ ಮಾತ್ರ ಹೋದರೆ ಊರಿಗೆ ಊರೇ ಅವನನ್ನು ಮೋಸಗಾರನೆನ್ನುತ್ತದೆ. ಪಂಚರು ಕೂಡುತ್ತಾರೆ, ಠಾಣೆಯ ಮೆಟ್ಟಿಲು ಹತ್ತುವುದೂ ಉಂಟು. ಅವನು ಹಣ ಪಡೆದಿದ್ದಾನೆ, ನಾವು ಪಡೆದಿಲ್ಲ ಎಂಬ ಭೇದ ನಿಜ. ಆದರೆ ಒಂದೇ ದಿನವನ್ನು ಇಬ್ಬರಿಗೆ ಮಾತು ಕೊಟ್ಟದ್ದು ಎರಡೂ ಕಡೆ ಒಂದೇ. ಬಡ ಕೂಲಿಕಾರ ಮಾಡಿದರೆ ಮೋಸ, ನಮ್ಮ ಮನೆಯ ಹುಡುಗ ಮಾಡಿದರೆ ವ್ಯವಹಾರ ಜಾಣ್ಮೆ ಎಂದರೆ ತಕ್ಕಡಿ ಎರಡಾಯಿತು.

ಮದುವೆಗೆ ಅಮೆರಿಕದಿಂದ ಬಂದಿದ್ದ ಆ ಹುಡುಗನ ಅಣ್ಣ, ಮಧ್ಯಾಹ್ನ ಈ ಮಾತು ಬಂದಾಗ ತಮ್ಮನ ಪಕ್ಷ ವಹಿಸಿದನು. ಅಲ್ಲಿ ವಿಮಾನ ನಿಲ್ದಾಣದಲ್ಲಿಳಿದು ಬಾಡಿಗೆ ಕಾರನ್ನು ತಾವೇ ನಡೆಸಿಕೊಂಡು ಹೋಗುವುದು ವಾಡಿಕೆ. ಎಷ್ಟೋ ಸಂಸ್ಥೆಗಳು ಹಣವನ್ನೇ ಪಡೆಯದೆ ಕಾರು ಕಾಯ್ದಿರಿಸುತ್ತವೆ. ದರಗಳು ದಿನದಿನಕ್ಕೆ ಏರಿಳಿಯುತ್ತವೆ. ಬೇಸಿಗೆಯಲ್ಲಿ ಉತ್ತರ ಅಮೆರಿಕದ ವೀರಶೈವ ಸಮಾಜದ ಸಮಾವೇಶಕ್ಕೆ ಹೋಗುವಾಗ ಅವನು ಅದೇ ದಿನಗಳಿಗೆ ಮೂರು ನಾಲ್ಕು ಸಂಸ್ಥೆಗಳಲ್ಲಿ ಕಾರು ಹಿಡಿದಿಟ್ಟು, ಕೊನೆಗೆ ಅಗ್ಗವಾದುದನ್ನು ಪಡೆಯುತ್ತಾನಂತೆ. “ರದ್ದು ಮಾಡಲು ಅವರೇ ಅವಕಾಶ ಕೊಟ್ಟಿದ್ದಾರ, ಕಾಕಾ. ಅವರೂ ಇದ್ದ ಕಾರಿಗಿಂತ ಹೆಚ್ಚು ಮಂದಿಗೆ ಮಾತು ಕೊಟ್ಟಿರ್ತಾರ” ಎಂದನು.

ಅವನ ಮಾತಿನಲ್ಲಿ ಸತ್ಯವಿದೆ; ಆದುದರಿಂದ ತೂಗಿ ನೋಡಬೇಕು. ಬರುವೆನೆಂದವರಲ್ಲಿ ಕೆಲವರು ಬರುವುದಿಲ್ಲವೆಂದು ಸಂಸ್ಥೆಗಳು ಹೆಚ್ಚು ಮಂದಿಗೆ ಒಪ್ಪುತ್ತವೆ. ಸಂಸ್ಥೆ ಕೈಕೊಡಬಹುದೆಂದು ಗಿರಾಕಿಗಳು ಹೆಚ್ಚು ಕಾರು ಹಿಡಿಯುತ್ತಾರೆ. ಒಬ್ಬರ ಸುಳ್ಳಿಗೆ ಇನ್ನೊಬ್ಬರ ಸುಳ್ಳು ಆಧಾರ. ನಡುವೆ ಸಿಕ್ಕಿಬೀಳುವವನು ಒಂದೇ ಕಾರು ಗೊತ್ತುಪಡಿಸಿ, ನಡುರಾತ್ರಿ ಮಕ್ಕಳು ಮುದುಕರೊಡನೆ ಬಂದಿಳಿದ ಪ್ರಾಮಾಣಿಕನು. 2020ರ ಪಿಡುಗಿನ ಕಾಲದಲ್ಲಿ ಗಿರಾಕಿಗಳಿಲ್ಲದೆ ಅಲ್ಲಿಯ ಸಂಸ್ಥೆಗಳು ಅಪಾರ ಸಂಖ್ಯೆಯಲ್ಲಿ ಕಾರುಗಳನ್ನು ಮಾರಿದವು. ಹರ್ಟ್ಜ್ ಎಂಬ ದೊಡ್ಡ ಸಂಸ್ಥೆ ಆ ವರ್ಷದ ಮೇ ತಿಂಗಳಲ್ಲಿ ದಿವಾಳಿ ಅರ್ಜಿ ಹಾಕಿತು. 2021ರಲ್ಲಿ ಪ್ರವಾಸಿಗರು ಮರಳಿದಾಗ ಕಾರುಗಳು ಸಾಲದೆ, ಹವಾಯಿ ದ್ವೀಪಗಳಲ್ಲಿ ಕೆಲವರು ಮನೆ ಸಾಮಾನು ಸಾಗಿಸುವ ಟ್ರಕ್ಕುಗಳನ್ನೇ ಬಾಡಿಗೆಗೆ ಪಡೆದು ತಿರುಗಿದರು. ಅಂತಹ ಕೊರತೆಯ ದಿನಗಳಲ್ಲಿ ಒಬ್ಬನು ಮೂರು ಕಾರು ಹಿಡಿದಿಟ್ಟರೆ ಇಬ್ಬರಿಗೆ ಕಾರಿಲ್ಲವೆಂದೇ ಅರ್ಥ.

ನಮ್ಮ ರೈಲ್ವೆಯೂ 2024ರ ನವೆಂಬರ್ 1ರಿಂದ ಮುಂಗಡ ಕಾಯ್ದಿರಿಸುವ ಅವಧಿಯನ್ನು 120 ದಿನಗಳಿಂದ 60 ದಿನಗಳಿಗೆ ಇಳಿಸಿತು. 61ರಿಂದ 120 ದಿನ ಮುಂಚಿತವಾಗಿ ಮಾಡಿದ ಕಾಯ್ದಿರಿಸುವಿಕೆಯಲ್ಲಿ ನೂರಕ್ಕೆ ಸುಮಾರು 21 ರದ್ದಾಗುತ್ತಿದ್ದವು. ಇನ್ನು ನೂರಕ್ಕೆ ಸುಮಾರು 5 ಮಂದಿ ರದ್ದನ್ನೂ ಮಾಡದೆ, ಪ್ರಯಾಣವನ್ನೂ ಮಾಡದೆ ಉಳಿಯುತ್ತಿದ್ದರೆಂದು ಇಲಾಖೆ ತಿಳಿಸಿತು. ಅವರೆಲ್ಲರೂ ಬೇಕೆಂದೇ ಹೆಚ್ಚು ಹಿಡಿದವರಲ್ಲ; ಕಾಯಿಲೆ, ಸಾವುನೋವು, ರಜೆ ಸಿಗದಿರುವುದು ಎಲ್ಲರಿಗೂ ಉಂಟು. ರದ್ದು ಮಾಡುವ ಸೌಕರ್ಯ ಇರುವುದು ಇಂತಹ ಅನಿವಾರ್ಯಕ್ಕೆ. ಒಂದೇ ಬೇಕೆಂದು ತಿಳಿದಿದ್ದೂ ಮೂರನ್ನು ಹಿಡಿಯುವವನು ಆ ಸೌಕರ್ಯಕ್ಕೇ ಸಂಚಕಾರ ತರುತ್ತಾನೆ. ನಾಳೆ ನಿಯಮ ಬಿಗಿಯಾದರೆ ದಂಡ ತೆರುವವರು ಕಷ್ಟದಲ್ಲಿರುವವರು.

‘ಅವರೇ ಬಿಟ್ಟಿದ್ದಾರೆ’ ಎಂಬ ಮಾತಿಗೆ ನಮಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾಗುತ್ತದೆ. ಮಾರಯ್ಯ ಕಲ್ಯಾಣದಲ್ಲಿ ಆಯ್ದು ತರುತ್ತಿದ್ದುದು ನೆಲಕ್ಕೆ ಬಿದ್ದ ಅಕ್ಕಿ. ಕದ್ದುದಲ್ಲ, ಯಾರೂ ಬೇಡವೆಂದುದಲ್ಲ. ಆದರೂ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ ಆ ತಾಯಿ ಅದನ್ನು ಮರಳಿ ಅಲ್ಲಿಗೇ ಸುರಿದು ಬರುವಂತೆ ಹೇಳಿದಳು. ಅನುಮತಿ ಉಂಟೇ ಎಂದು ಅವಳು ಕೇಳಲಿಲ್ಲ. ನಮಗೆ ಬೇಕಾದುದೆಷ್ಟು ಎಂದು ಕೇಳಿದಳು.

ಹಾಗೆಂದು ಹಣ ಉಳಿಸುವುದು ದೋಷವಲ್ಲ. ಹತ್ತು ಕಡೆ ದರ ವಿಚಾರಿಸಬಹುದು, ಚೌಕಾಸಿ ಮಾಡಬಹುದು. ‘ಇನ್ನೂ ನಿಶ್ಚಯವಿಲ್ಲ, ನಾಳೆ ಹೇಳುತ್ತೇವೆ’ ಎನ್ನುವುದು ಮಾಲೀಕನಿಗೆ ಅನ್ಯಾಯವಲ್ಲ. ಅಮೆರಿಕದ ಮಗನೂ ದರ ಇಳಿದಾಗ ಹೊಸದನ್ನು ಹಿಡಿದು, ಹಳೆಯದನ್ನು ಆ ಗಳಿಗೆಯಲ್ಲೇ ಬಿಟ್ಟುಕೊಟ್ಟರೆ ಸಂಸ್ಥೆಯ ಕರಾರಿಗೂ ಇತರರ ಅಗತ್ಯಕ್ಕೂ ಭಂಗವಿಲ್ಲ. ‘ನಮಗೇ ಇರಲಿ’ ಎಂಬ ಮಾತು ಮಾತ್ರ ಒಂದು ದಿನಕ್ಕೆ ಒಬ್ಬರಿಗೇ ಸಲ್ಲಬೇಕು. ಆ ಮಾತಿನೊಡನೆ ಸ್ವಲ್ಪ ಸಂಚಕಾರವನ್ನೂ ಕೊಡುವುದು ಲೇಸು, ಇಬ್ಬರಿಗೂ ನೆಮ್ಮದಿ. ಕಾರ್ಯ ಮುಂದಕ್ಕೆ ಹೋದರೆ ತಿಳಿದ ದಿನವೇ ತಿಳಿಸಬೇಕು. ತೀರ ತಡವಾದರೆ ಆತನ ದಿನದ ನಷ್ಟದಲ್ಲಿ ಪಾಲು ಹೊರಬೇಕು.

ನಮ್ಮಲ್ಲಿ ಮದುವೆ ಗೊತ್ತಾದಾಗ ಹಿರಿಯರ ಮುಂದೆ ಯಾದಿ ಬರೆದು ಓದುವುದುಂಟು. ಕೊಡುವ ಕೊಳ್ಳುವ ಮಾತು ಮುಂದೆ ಬದಲಾಗಬಾರದೆಂದು ಅಷ್ಟು ಎಚ್ಚರ. ಮನೆಯ ಖರ್ಚಿನ ಯಾದಿ ಬರೆಯುವಾಗಲೂ ಗಾಡಿಯವನ ಹೆಸರಿನ ಮುಂದೆ ಇನ್ನೊಂದು ಸಾಲು ಸೇರಲಿ: ಬೇಡವಾದರೆ ಅವನಿಗೆ ತಿಳಿಸುವ ಹೊಣೆ ಮನೆಯಲ್ಲಿ ಯಾರದು, ಯಾವ ದಿನದೊಳಗೆ.